ಮಗಳು ನನ್ನವಳಲ್ಲವೆಂದು ಬರೆದುಕೊಡಲು ನಾಲ್ಕು ಊರು

ಐರ್ಲೆಂಡಿನಿಂದ ಬೆಂಗಳೂರಿನವರೆಗಿನ ವಿಮಾನದ ಬಗ್ಗೆ ಬರೆಯಲು ನನ್ನ ಬಳಿ ಏನೂ ಇಲ್ಲ. ಕೂತೆ, ತಿಂದೆ, ನಿದ್ದೆ ಬರಲಿಲ್ಲ, ಇಳಿದೆ. ಬರೆಯುವಂಥದ್ದು ಶುರುವಾದದ್ದು ಸೋಮವಾರ ಬೆಳಗ್ಗೆ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ. ದೀಪಾವಳಿ ಮುಗಿದಿತ್ತು. ಬಿಸಿಲು ಹದವಾಗಿತ್ತು, ಗಾಳಿ ಮಾತ್ರ ನಮ್ಮ ದುರ್ಗದ್ದೇ, ಸೆರಗು ನಿಲ್ಲಗೊಡಲಿಲ್ಲ. ಅವ್ವ ಮತ್ತು ಕೃತಿಕಾ ಹೊಸದುರ್ಗದಿಂದ ಮೊದಲ ಬಸ್ಸಿಗೇ ಬಂದು ಹಣ್ಣಿನಂಗಡಿಯ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದರು. ಕೃತಿಕಾಗೆ ಎಂಟು ವರ್ಷ. ನನ್ನ ತಂಗಿ ರೇಣುಕಾಳ ಮಗಳು. ನಾನು ದತ್ತು ತೆಗೆದುಕೊಳ್ಳಲು ಬಂದದ್ದು ಇವಳನ್ನೇ.

ಹಿಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಪ್ರಯಾಣಕ್ಕೆ ಅಡ್ಡ ಬರಬಾರದು. ನಾನು ಐರ್ಲೆಂಡಿನಲ್ಲಿ ವೃದ್ಧಾಶ್ರಮವೊಂದರಲ್ಲಿ ನರ್ಸ್. ನನ್ನ ಗಂಡ ಪ್ರಭು ಸಿಟಿ ಬಸ್ ಓಡಿಸುತ್ತಾರೆ. ನಮಗೆ ಮಕ್ಕಳಾಗಲಿಲ್ಲ. ರೇಣುಕಾಗೆ ಕ್ಯಾನ್ಸರ್ ಎಂದು ಗೊತ್ತಾದಾಗ ಕೃತಿಕಾ ಇನ್ನೂ ತೊದಲುತ್ತಿದ್ದಳು. ನಾನು ರಜೆ ಹಾಕಿ ಓಡಿ ಬಂದೆ. ರೇಣುಕಾ ತಾನೇ ನೆಂಟರನ್ನೆಲ್ಲ ಅವ್ವನ ಮನೆಗೆ ಕರೆಸಿದಳು, ನನ್ನನ್ನು ಮಣೆಯ ಮೇಲೆ ಕೂರಿಸಿದಳು, ಮಡಿಲಿಗೆ ಅಕ್ಕಿ, ಕಾಯಿ, ಎಲೆಯಡಿಕೆ ಹಾಕಿ, ಅದರ ಮೇಲೆ ಮಗುವನ್ನು ಕೂರಿಸಿದಳು. ಎದ್ದು ನಿಲ್ಲಲೂ ಆಗುತ್ತಿರಲಿಲ್ಲ ಅವಳಿಗೆ. ಆದರೂ ತಾನೇ ಎತ್ತಿ ಕೂರಿಸಬೇಕೆಂದು ಹಟ ಹಿಡಿದಳು. ನಮ್ಮವರಲ್ಲಿ ಅಲ್ಲಿಗೆ ದತ್ತು ಮುಗಿಯಿತು. ಮಗುವಿನ ಅಪ್ಪ ಮಂಜಣ್ಣ ಒಪ್ಪಿದ್ದರು, ಹಿರಿಯರು ಅಕ್ಕಿಕಾಳು ಹಾಕಿದ್ದರು. ಮುಂದಿನ ಯುಗಾದಿಗೆ ರೇಣುಕಾ ಇರಲಿಲ್ಲ.

ಮಡಿಲಕ್ಕಿ ತೋರಿಸಿದರೆ ವಿಮಾನ ಹತ್ತಿಸುವುದಿಲ್ಲವಲ್ಲ. ಹಾಗಾಗಿ ಎರಡು ದೇಶಗಳ ಕಾಗದದ ದಾರಿ ಹಿಡಿದೆವು. ಅಲ್ಲಿನ ದತ್ತು ಕಚೇರಿಯ ಹೆಂಗಸೊಬ್ಬಳು ಮತ್ತೆ ಮತ್ತೆ ಮನೆಗೆ ಬಂದು ಮೆಟ್ಟಿಲು ನೋಡಿದಳು, ಫ್ರಿಜ್ ತೆಗೆದು ನೋಡಿದಳು, ಗಂಡ ಹೆಂಡತಿ ಜಗಳವಾಡುತ್ತೀರಾ ಎಂದು ಕೇಳಿದಳು. "ದಿನಾ" ಎಂದೆ. ಪ್ರಭು ಮುಖ ಸಣ್ಣಗೆ ಮಾಡಿಕೊಂಡರು. ಅವಳು ನಕ್ಕು ಅದನ್ನೂ ಬರೆದುಕೊಂಡಳು. ಆಮೇಲೆ ದೆಹಲಿಯ ಕಚೇರಿ, ಕಂಪ್ಯೂಟರಿನಲ್ಲಿ ಅರ್ಜಿ, ಕಾಯುವುದು. ಯಾವ ದಿನ ತೆರೆದು ನೋಡಿದರೂ ಪರಿಶೀಲನೆಯಲ್ಲಿದೆ ಎಂಬ ಒಂದೇ ಉತ್ತರ. ವರ್ಷಗಳು ಹೋದವು. ಕೊನೆಗೆ ಜಿಲ್ಲಾಧಿಕಾರಿಗಳ ಮುಂದೆ ವಿಚಾರಣೆಯ ದಿನ ಬಂತು: ನಾನು ದುರ್ಗ ಮುಟ್ಟಿದ ಸೋಮವಾರಕ್ಕೆ ಸರಿಯಾಗಿ ಒಂದು ವಾರದ ಮೇಲೆ. ಐರ್ಲೆಂಡಿನವರು ನಮಗೆ ಕೊಟ್ಟ ಅರ್ಹತಾ ಪತ್ರದ ಅವಧಿ ಆ ತಿಂಗಳೇ ಮುಗಿಯುವುದಿತ್ತು. ಈ ವಿಚಾರಣೆ ತಪ್ಪಿದರೆ ಮತ್ತೆ ಆ ಮೆಟ್ಟಿಲು ನೋಡುವುದರಿಂದ ಶುರು. ನನಗಿದ್ದದ್ದು ಎರಡು ವಾರದ ರಜೆ.

ಸೋಮವಾರ ನಾವು ಮೂವರೂ ಮಕ್ಕಳ ರಕ್ಷಣಾ ಘಟಕದ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ. ಅವ್ವನಿಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದರು. ನಮ್ಮ ಕಡತವನ್ನು ಒಂದೊಂದೇ ಹಾಳೆ ತಿರುವಿ ನೋಡಿ, ಹೊಸದಾಗಿ ತಂದಿದ್ದ ಶಾಲೆಯ ವ್ಯಾಸಂಗ ಪ್ರಮಾಣ ಪತ್ರದ ಹತ್ತಿರ ನಿಂತರು.

"ಮೇಡಂ, ಜನನ ಪತ್ರದಾಗೆ ತಾಯಿ ರೇಣುಕಾ ಅಂತ ಐತೆ. ಶಾಲೆ ಪತ್ರದಾಗೆ ತಾಯಿ ಸುಜಾತ, ತಂದೆ ಪ್ರಭು ಅಂತ ಐತೆ. ಸುಜಾತ ಅಂದ್ರೆ ನೀವೇ ಅಲ್ವಾ?"

"ನಾನೇ."

"ಹಂಗಾದ್ರೆ ಶಾಲೆ ಪ್ರಕಾರ ಈ ಮಗು ಆಗಲೇ ನಿಮ್ಮದು. ನಿಮ್ಮ ಮಗೂನ ನೀವೇ ದತ್ತು ತಗೊಳ್ಳಾಕೆ ಬರಲ್ಲ."

ನಾನು ತಿರುಗಿ ಅವ್ವನನ್ನು ನೋಡಿದೆ. ಅವ್ವ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಒಂದನೇ ಕ್ಲಾಸಿಗೆ ಸೇರಿಸಲು ಹೋದವಳು ಅವಳೇ. ತಾಯಿ ಯಾರು ಎಂದು ಕೇಳಿದಾಗ ಮಡಿಲಿಗೆ ಹಾಕಿದ್ದನ್ನು ನೆನೆದು ನನ್ನ ಹೆಸರು ಹೇಳಿದ್ದಾಳೆ. ತಂದೆ ಯಾರು ಎಂದರೆ ನನ್ನ ಗಂಡನ ಹೆಸರು. ಇಷ್ಟು ವರ್ಷ ಒಂದು ಮಾತು ನನಗೆ ಹೇಳಿಲ್ಲ ಮಹಾತಾಯಿ.

ಅಧಿಕಾರಿ ಬೇಕಾದ್ದನ್ನು ಹೇಳಿದರು. ಶಾಲೆಯ ದಾಖಲೆ ತಿದ್ದಿಸಿ ತರಬೇಕು. ಹಿರಿಯೂರಿನಿಂದ ಜನನ ಪತ್ರದ ಹೊಸ ಪ್ರತಿ ಮತ್ತು ಮಂಜಣ್ಣನ ಒಪ್ಪಿಗೆ. ಹೊಳಲ್ಕೆರೆಯಿಂದ ರೇಣುಕಾಳ ಮರಣ ಪತ್ರ. ನಮ್ಮಲ್ಲಿದ್ದದ್ದನ್ನು ಅವ್ವ ಭದ್ರವಾಗಿರಲೆಂದು ಲ್ಯಾಮಿನೇಷನ್ ಮಾಡಿಸಿದ್ದಳು, ಅದರ ಮೇಲೆ ದೆಹಲಿಯ ಸೀಲು ಕೂರುವುದಿಲ್ಲವಂತೆ. ಇದರ ಜೊತೆಗೆ ನಾನು ಈ ಮಗುವನ್ನು ಹೆತ್ತವಳಲ್ಲ ಎಂದು ನನ್ನದೊಂದು ಪ್ರಮಾಣ ಪತ್ರ. "ಶನಿವಾರದೊಳಗೆ ತಂದುಕೊಡ್ರಿ, ಸೋಮವಾರ ಡಿಸಿ ಮೇಡಂ ಮುಂದೆ ಇಡ್ತೀನಿ. ಇಲ್ಲಾಂದ್ರೆ ಮುಂದಕ್ಕೆ ಹಾಕಬೇಕಾಗ್ತೈತೆ" ಎಂದರು. ಹೊರಗೆ ಬಂದ ಮೇಲೆ ನಾನು ಬಾಯಿ ತೆರೆಯುವ ಮೊದಲೇ ಅವ್ವ, "ನಾನೇನು ಸುಳ್ಳು ಬರೆಸಿಲ್ಲ" ಎಂದು ಹೊಸದುರ್ಗದ ಬಸ್ಸು ಹತ್ತಿ ಹೋದಳು. ಕೃತಿಕಾ ನನ್ನ ಜೊತೆ ಉಳಿದಳು.

ಮಂಗಳವಾರ ಹಿರಿಯೂರು. ದುರ್ಗದಿಂದ ನಲವತ್ತು ಕಿಲೋಮೀಟರ್, ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ. ಸರ್ಕಾರಿ ಬಸ್ಸು, ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ನಮ್ಮಿಬ್ಬರಿಗೂ ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟರು. ದಾರಿಯುದ್ದಕ್ಕೂ ಈರುಳ್ಳಿ ಚೀಲ ತುಂಬಿದ ಲಾರಿಗಳು, ಗುಡ್ಡದ ಮೇಲೆ ಗಾಳಿಯಂತ್ರಗಳು. ಕೃತಿಕಾ ಕಿಟಕಿಗೆ ಅಂಟಿಕೊಂಡು ಐರ್ಲೆಂಡಿನಲ್ಲಿ ಚಳಿ ಎಷ್ಟು, ಶಾಲೆಯಲ್ಲಿ ಕನ್ನಡ ಮೇಷ್ಟ್ರು ಇದ್ದಾರಾ, ಮೊಸರು ಸಿಗುತ್ತಾ ಎಂದು ಒಂದೇ ಸಮನೆ ಕೇಳಿದಳು. ಮೊಸರು ಸಿಗುತ್ತದೆ ಎಂದ ಮೇಲೆ ಸಮಾಧಾನವಾಯಿತು.

ಜನನ ಪತ್ರ ಮಧ್ಯಾಹ್ನದೊಳಗೇ ಸಿಕ್ಕಿತು. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ, ಅದು ದಂಡವಾಯಿತು. ಮಂಜಣ್ಣನದು ಪಂಪ್‌ಸೆಟ್ ಮೋಟಾರು ಸುತ್ತುವ ಅಂಗಡಿ. ತಾಮ್ರದ ತಂತಿಯ ರಾಶಿಯ ನಡುವೆ ಕುಳಿತಿದ್ದವರು ನಮ್ಮನ್ನು ಕಂಡು ಕೈ ಒರೆಸಿಕೊಂಡು ಎದ್ದರು. "ಬರ್ರಿ ಅಕ್ಕ, ಕುಂತ್ಕಳ್ರಿ" ಎಂದು ಸ್ಟೂಲ್ ಎಳೆದರು. ಅವರಿಗೆ ಮತ್ತೆ ಮದುವೆಯಾಗಿದೆ, ತೆವಳುವ ವಯಸ್ಸಿನ ಮಗನಿದ್ದಾನೆ. ಅವರ ಹೆಂಡತಿ ಊಟಕ್ಕೆ ಎಬ್ಬಿಸಿಕೊಂಡು ಹೋಗಿ ಮುದ್ದೆ, ಅವರೆಕಾಳು ಸಾರು ಬಡಿಸಿದರು. ಕೃತಿಕಾ ತಮ್ಮನನ್ನು ಸೊಂಟದ ಮೇಲೆ ಏರಿಸಿಕೊಂಡು ಬೀದಿಯೆಲ್ಲ ಸುತ್ತಿ ಬಂದಳು.

ಒಪ್ಪಿಗೆ ಪತ್ರದಲ್ಲಿ ದತ್ತು ಕೊಡುವುದಕ್ಕೆ ಕಾರಣ ಬರೆಯಬೇಕಿತ್ತು. ಮಂಜಣ್ಣ ಪೆನ್ನು ತೆಗೆದುಕೊಂಡು, ಬರೆಯದೆ ನನ್ನ ಕಡೆ ತಿರುಗಿದರು.

"ಅಕ್ಕ, ಎಲ್ಲಿ ಬೇಕಾದ್ರೂ ಸೈನ್ ಮಾಡ್ತೀನಿ. ಆದ್ರೆ ಕೂಸು ಬ್ಯಾಡಾಗಿ ಕೊಟ್ಟ ಅಂತ ಎಲ್ಲೂ ಬರೀಬ್ಯಾಡ್ರಿ. ದೊಡ್ಡೋಳಾಗಿ ಒಂದಿನ ಓದ್ತಾಳೆ."

"ಹಂಗೆ ಯಾರು ಬರೀತಾರೆ ಮಂಜಣ್ಣ? ನಿಮಗೆ ಏನು ಅನ್ಸುತ್ತೋ ಅದನ್ನೇ ಬರೀರಿ."

ಅವರು ನಿಧಾನವಾಗಿ ಬರೆದರು: ಮಗುವಿನ ತಾಯಿ ತನ್ನ ಅಕ್ಕನಿಗೆ ಕೊಟ್ಟ ಮಾತು ಉಳಿಸಲು. ಆಮೇಲೆ ಬಸ್ಸಿನವರೆಗೂ ಬಂದು, ದಾರಿಯಲ್ಲಿ ಸಿಕ್ಕ ಇಬ್ಬರು ಮೂವರಿಗೆ, "ನನ್ನ ಮಗಳು, ಫಾರಿನ್ನಿಗೆ ಹೋಗ್ತಾಳೆ" ಎಂದು ತೋರಿಸಿದರು. ಮತ್ತೆ ಮದುವೆಯಾದರೆಂದು ಅವರ ಮೇಲೆ ನನಗಿದ್ದ ಹಳೆಯ ಸಿಟ್ಟು ಅವತ್ತು ಎಲ್ಲಿ ಹೋಯಿತೋ ಗೊತ್ತಿಲ್ಲ.

ಬುಧವಾರ ದುರ್ಗದಿಂದ ಹೊಳಲ್ಕೆರೆಗೆ ಹೋದೆವು. ಮೆಕ್ಕೆಜೋಳದ ಸುಗ್ಗಿ, ಅರ್ಧ ರಸ್ತೆಯ ಮೇಲೆ ಕಾಳು ಹರಡಿದ್ದರು. ಡ್ರೈವರ್ ಬೈಯುತ್ತಲೇ ಒಂದು ಕಾಳಿನ ಮೇಲೂ ಚಕ್ರ ಹತ್ತಿಸದೆ ಪಕ್ಕದಲ್ಲಿ ನುಸುಳಿಸಿದರು. ರೇಣುಕಾ ಹೋದದ್ದು ಹೊಳಲ್ಕೆರೆಯಲ್ಲಿ. ದಾವಣಗೆರೆ ಆಸ್ಪತ್ರೆಯಲ್ಲಿ ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು, ಹೊಸದುರ್ಗ ಮುಟ್ಟಲಿಲ್ಲ. ಆ ಊರಿನಲ್ಲಿ ಇಳಿದು ನೇರ ಕಚೇರಿಗೆ ಹೋಗಲಿಲ್ಲ. ಮೊದಲು ಬಯಲು ಗಣಪತಿಯ ಮುಂದೆ ಹೋಗಿ ಸ್ವಲ್ಪ ಹೊತ್ತು ನಿಂತೆವು. ಸೂರಿಲ್ಲದ ದೇವರು, ಬಿಸಿಲಿಗೂ ಮಳೆಗೂ ಅಷ್ಟೆತ್ತರ ಹಾಗೇ ಕೂತಿದ್ದಾನೆ. ನನಗೆ ಧೈರ್ಯ ಬಂತು.

ಮರಣ ಪತ್ರದ ಅರ್ಜಿ ಕೊಟ್ಟು, ಅದು ಬರುವಷ್ಟರಲ್ಲಿ ನೋಟರಿಯವರಲ್ಲಿಗೆ ಹೋದೆವು. ಟೈಪ್ ಮಾಡುವ ಹುಡುಗಿ ಪ್ರಮಾಣ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದಳು: "ಸದರಿ ಮಗುವನ್ನು ನಾನು ಹೆತ್ತಿರುವುದಿಲ್ಲ. ನಾನು ಸದರಿ ಮಗುವಿನ ತಾಯಿ ಆಗಿರುವುದಿಲ್ಲ." ನಿಜವೇ. ಅಷ್ಟೂ ಅಕ್ಷರ ನಿಜ. ಆದರೆ ಕೈ ಏಳಲಿಲ್ಲ. ಇಷ್ಟು ವರ್ಷ ಕಾಯುವ ನೋವನ್ನು ಹೇಗೋ ನುಂಗಿಕೊಂಡವಳು ನಾನು, ಆ ಒಂದು ಸಾಲಿನ ಕೆಳಗೆ ಹೆಸರು ಬರೆಯದೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತೆ. ಮಗು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿತ್ತು.

ಕೃತಿಕಾ ನನ್ನ ಮೊಣಕೈ ತಿವಿದಳು. "ಅಮ್ಮ, ಬೇಗ ಸೈನ್ ಮಾಡು. ಹೊಸದುರ್ಗದ ಬಸ್ಸು ಹೋಗ್ತೈತೆ."

ಟೈಪಿಸ್ಟ್ ಹುಡುಗಿ ಮುಖ ತಿರುಗಿಸಿಕೊಂಡು ನಕ್ಕಳು. ನಾನು ಸಹಿ ಮಾಡಿದೆ. ಮರಣ ಪತ್ರ ತೆಗೆದುಕೊಂಡು, ನಿಲ್ದಾಣದ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ತಿಂದು ಖಾಸಗಿ ಬಸ್ಸು ಹತ್ತಿದೆವು. ಇಲ್ಲಿ ಸೊನ್ನೆ ಟಿಕೆಟ್ ನಡೆಯುವುದಿಲ್ಲ. ನನಗೆ ಪೂರ್ತಿ, ಅವಳಿಗೆ ಅರ್ಧ. ಮೂವತ್ತು ಕಿಲೋಮೀಟರಿಗೆ ಆ ಬಸ್ಸು ಕೈ ಅಡ್ಡ ಹಿಡಿದವರನ್ನೆಲ್ಲ ಹತ್ತಿಸಿಕೊಂಡು ಒಂದು ಗಂಟೆಯ ಮೇಲೆ ತೆಗೆದುಕೊಂಡಿತು. ತೆಂಗಿನ ತೋಟಗಳು ಶುರುವಾದವು, ಹೊಸದುರ್ಗ ಬಂತು.

ಗುರುವಾರ ಶಾಲೆ. ಮುಖ್ಯ ಶಿಕ್ಷಕಿ ಶಾಹೀನಾ ಮೇಡಂ ದುರ್ಗದ ಹಳೆಯ ಮನೆತನದವರು, ಹೊಸದುರ್ಗದಲ್ಲೇ ಬಹಳ ವರ್ಷದಿಂದ ಪಾಠ ಹೇಳುತ್ತಿದ್ದಾರೆ. ನಮ್ಮ ಕಥೆ ಕೇಳಿ ದಾಖಲಾತಿ ಪುಸ್ತಕ ತೆಗೆದರು. ಅವ್ವನ ಸಹಿ ಅಲ್ಲಿತ್ತು. ತಿದ್ದಬೇಕಾದರೆ, ಬರೆಸಿದವರೇ ಬಂದು ತಪ್ಪಾಗಿ ಬರೆಸಿದ್ದೆಂದು ಹೇಳಿಕೆ ಕೊಡಬೇಕು, ಆಮೇಲೆ ಶಿಕ್ಷಣಾಧಿಕಾರಿಗಳ ಒಪ್ಪಿಗೆ ಪಡೆಯಬೇಕು. "ಇವತ್ತು ಅಜ್ಜಿ ಹೇಳಿಕೆ ಕೊಟ್ರೆ ನಾನೇ ನಾಳೆ ಬಿಇಒ ಆಫೀಸಿಗೆ ಒಯ್ತೀನಿ" ಎಂದರು.

ಅವ್ವನನ್ನು ಕರೆತಂದೆ. ಅವ್ವ ಹೇಳಿಕೆ ಪೂರ್ತಿ ಕೇಳಿಸಿಕೊಂಡು, ಪೆನ್ನನ್ನು ಮೇಜಿನ ಮೇಲಿಟ್ಟಳು.

"ನಾನು ಇದಕ್ಕೆ ಸೈನ್ ಹಾಕಲ್ಲ."

"ಯಾಕವ್ವ?"

"ಹಿರೇರ ಮುಂದೆ ಮಡ್ಲಿಗೆ ಹಾಕಿದ್ದು ತಪ್ಪಾ? ಅದನ್ನ ತಪ್ಪು ಅಂತ ನನ್ನ ಕೈಲಿ ಬರೆಸ್ತೀಯಾ? ತಾಯಿ ಹೋದ ಕೂಸಿಗೆ ತಾಯಿ ಐತೆ ಅಂತ ನಾನು ಬರೆಸಿದೀನಿ. ಈಗ ಅಳಿಸಿ, ಸತ್ತೋಳ ಹೆಸರು ಹಾಕಿ, ಕೂಸನ್ನ ಮತ್ತೆ ತಬ್ಬಲಿ ಮಾಡಲ್ಲ. ಬೇಕಾದ್ರೆ ಜೈಲಿಗೆ ಹಾಕ್ಲಿ."

ಶಾಹೀನಾ ಮೇಡಂ, "ಅಜ್ಜಿ, ಜೈಲೆಲ್ಲ ಇಲ್ಲ, ಇದು ಬರೀ ತಿದ್ದುಪಡಿ" ಎಂದು ತಿಳಿಹೇಳಿದರು. ನಾನು ಸಿಟ್ಟಿನಿಂದ ಹೇಳಿದೆ, ಅಳುತ್ತ ಹೇಳಿದೆ, ಸೋಮವಾರ ತಪ್ಪಿದರೆ ಮತ್ತೆ ಎಷ್ಟು ವರ್ಷವೋ ಎಂದು ಹೇಳಿದೆ. ಅವ್ವ ಕದಲಲಿಲ್ಲ. ಇಡೀ ಪ್ರಪಂಚದ ಕಚೇರಿಗಳನ್ನು ದಾಟಿಕೊಂಡು ಬಂದು ನಮ್ಮವ್ವನ ಹತ್ತಿರ ಸಿಕ್ಕಿಹಾಕಿಕೊಂಡೆನಲ್ಲ ಎನಿಸಿತು. ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಹೊರಗೆ ಮಕ್ಕಳು ತಟ್ಟೆ ಹಿಡಿದು ಓಡಿದರು, ಕೃತಿಕಾಳೂ ಗೆಳತಿಯರ ಜೊತೆ ಓಡಿದಳು.

ಆಗ ನಾನು ದನಿ ತಗ್ಗಿಸಿ ಕೇಳಿದೆ. "ಅವ್ವ, ಅವತ್ತು ಕೂಸನ್ನ ನನ್ನ ಮಡ್ಲಿಗೆ ಹಾಕಿದ್ದು ಯಾರು?"

"ರೇಣಿ."

"ಎದ್ದು ನಿಲ್ಲಾಕೂ ಆಗ್ತಿರಲಿಲ್ಲ ಅವಳಿಗೆ. ಆದ್ರೂ ತಾನೇ ಎತ್ತಿ ಹಾಕಿದ್ಲು. ಈ ಪುಸ್ತಕದಾಗೆ ಅವಳ ಹೆಸರು ಎಲ್ಲೈತೆ ತೋರ್ಸು. ಕೊಟ್ಟೋಳ ಹೆಸರೇ ಇಲ್ಲ ಅಂದ್ರೆ, ನಾನು ಕೂಸನ್ನ ಕದ್ದು ತಂದಂಗಲ್ವಾ?"

ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ನನ್ನ ಹೆಸರಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಪೆನ್ನು ತೆಗೆದುಕೊಂಡು ತನ್ನ ಹೆಸರನ್ನು ಪೂರ್ತಿಯಾಗಿ, ಗಂಡನ ಹೆಸರು ಸಮೇತ, ಹಾಳೆಯಲ್ಲಿ ಕೊಟ್ಟ ಜಾಗ ಸಾಲದಷ್ಟು ದೊಡ್ಡದಾಗಿ ಬರೆದಳು. "ಮೇಡಂ, ರೇಣುಕಾ ಅಂತ ಚೆಂದಾಗಿ ಬರೀರಿ" ಎಂದಳು ಶಾಹೀನಾ ಮೇಡಂಗೆ.

ಮರುದಿನ ಮೇಡಂ ಮಾತಿನಂತೆ ತಾವೇ ಶಿಕ್ಷಣಾಧಿಕಾರಿಗಳ ಕಚೇರಿಗೆ ನಮ್ಮ ಜೊತೆ ಬಂದರು. ಸಾಹೇಬರು ಮೀಟಿಂಗಿನಲ್ಲಿದ್ದರು. ಕಾದೆವು. ಮೀಟಿಂಗ್ ಮುಗಿಯಿತು, ಊಟಕ್ಕೆ ಹೋದರು. ಕಾದೆವು. ಐರ್ಲೆಂಡಿನಲ್ಲಿ ಕಾಯುವುದೆಂದರೆ ಮನೆಯಲ್ಲಿ ಒಬ್ಬಳೇ ಕೂತು ಕಂಪ್ಯೂಟರ್ ನೋಡುವುದು. ಹೊಸದುರ್ಗದಲ್ಲಿ ಕಾಯುವುದೆಂದರೆ ಪಕ್ಕದವರು ಯಾರು ಯಾವೂರು ಎಂದು ವಿಚಾರಿಸಿ, ಕಡಲೆಕಾಯಿ ಹಂಚಿ, ನಿಮ್ಮ ಕೆಲಸ ಆಗೇ ಆಗ್ತೈತೆ ಬಿಡ್ರಿ ಎಂದು ಹರಸುವುದು. ತಮಗೆ ಸಂಬಂಧವೇ ಇಲ್ಲದ ಕೆಲಸಕ್ಕೆ ಅಷ್ಟು ಜನ ಜೊತೆಗೂಡಿ ಕಾದರು. ಕಚೇರಿ ಮುಚ್ಚುವ ಮೊದಲು ಒಪ್ಪಿಗೆ ಬಂತು. ಶಾಹೀನಾ ಮೇಡಂ ಶಾಲೆಗೆ ವಾಪಸಾಗಿ, ಕೆಂಪು ಶಾಯಿಯಲ್ಲಿ ಹಳೆಯದನ್ನು ಹೊಡೆದು ಹೊಸದನ್ನು ಬರೆದು ಸಹಿ ಹಾಕಿದರು. ಕೃತಿಕಾ ಅದರ ಮೇಲೆ ಬಾಗಿ, "ನಮ್ಮ ರೇಣುಕಮ್ಮನ ಹೆಸರು" ಎಂದು ಓದಿ, ಅಂಗಳದಲ್ಲಿ ಆಡುತ್ತಿದ್ದ ಗೆಳತಿಯನ್ನೂ ಕರೆದು ತೋರಿಸಿದಳು.

ಶನಿವಾರ ಎಲ್ಲವನ್ನೂ ಅಧಿಕಾರಿಯ ಕೈಗೆ ಕೊಟ್ಟೆವು. ಭಾನುವಾರ ಮಾಡಲು ಏನೂ ಇರಲಿಲ್ಲ, ಚಂದ್ರವಳ್ಳಿಗೆ ಹೋದೆವು. ಕೆರೆಯ ದಡದಲ್ಲಿ ಕೂತು ಕೃತಿಕಾ, ಐರ್ಲೆಂಡಿನಾಗೆ ಕೋಟೆ ಐತಾ ಎಂದು ಕೇಳಿದಳು. ಇವೆ, ನಮ್ಮಷ್ಟು ದೊಡ್ಡವಲ್ಲ ಎಂದೆ. ಅಷ್ಟು ಹೇಳಿದ್ದೇ ತಡ, ಅಲ್ಲಿದ್ದ ಬೆಂಗಳೂರಿನ ಪ್ರವಾಸಿಗರ ಹತ್ತಿರ ಹೋಗಿ ಏಳು ಸುತ್ತಿನ ಕೋಟೆಯ ಬಗ್ಗೆ ಪಾಠ ಶುರುಮಾಡಿದಳು. ಅವಳು ಎಲ್ಲಿಗೆ ಹೋದರೂ ಬಾಯಿ ಮಾತ್ರ ದುರ್ಗದ್ದೇ ಇರುತ್ತದೆ, ಅದು ನನಗೆ ಅವತ್ತೇ ಖಾತ್ರಿಯಾಯಿತು.

ಸೋಮವಾರ ಜಿಲ್ಲಾಧಿಕಾರಿಗಳ ಕಚೇರಿ. ಮಂಜಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಿರಿಯೂರಿನಿಂದ ಬಂದಿದ್ದರು. ಪ್ರಭು ಐರ್ಲೆಂಡಿನಿಂದ ವಿಡಿಯೋದಲ್ಲಿ, ಸಮವಸ್ತ್ರದಲ್ಲೇ, ಡಿಪೋದ ಊಟದ ಕೋಣೆಯಲ್ಲಿ ಕೂತಿದ್ದರು. ಜಿಲ್ಲಾಧಿಕಾರಿಗಳು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಮೊದಲು ನಮ್ಮನ್ನೆಲ್ಲ ಹೊರಗೆ ಕಳುಹಿಸಿ ಕೃತಿಕಾಳನ್ನೊಬ್ಬಳನ್ನೇ ಕೂರಿಸಿಕೊಂಡರು. ಮಗು ಬರುವುದಿಲ್ಲ ಎಂದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನಾನು ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತೆ. ಒಳಗಿನಿಂದ ಅವಳ ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯಲಿಲ್ಲ. ಮಾತು ನಿಲ್ಲಲೇ ಇಲ್ಲ.

ಆಮೇಲೆ ನಮ್ಮನ್ನು ಕರೆದರು. ಶಾಲೆಯ ತಿದ್ದುಪಡಿಯ ಹಾಳೆಯನ್ನು ಮುಂದಿಟ್ಟುಕೊಂಡು ಅವ್ವನನ್ನು ಕೇಳಿದರು. "ಅಜ್ಜಿ, ಮೊದಲು ಯಾಕೆ ಹಾಗೆ ಬರೆಸಿದ್ರಿ? ದಾಖಲೆಯಲ್ಲಿ ಸುಳ್ಳು ಹೇಳಬಾರದಲ್ವಾ?"

ಅವ್ವ ಎದ್ದು ನಿಂತಳು.

"ಸುಳ್ಳಲ್ಲ ತಾಯಿ, ಆತ್ರ ಅಷ್ಟೆ. ನೀವು ಇವತ್ತು ಬರೆಯೋದನ್ನ ನಾನು ಅವತ್ತೇ ಬರೆಸಿಬಿಟ್ಟೆ."

ಜಿಲ್ಲಾಧಿಕಾರಿಗಳು ನಕ್ಕರು. ಪಕ್ಕದಲ್ಲಿ ನಿಂತಿದ್ದ ನಮ್ಮ ಅಧಿಕಾರಿಯೂ ನಕ್ಕರು. ಮೊಬೈಲಿನಲ್ಲಿ ಪ್ರಭು ಕಣ್ಣೊರೆಸಿಕೊಳ್ಳುವುದು ಕಾಣಿಸಿತು. ನಮ್ಮವ್ವನ ಮಗಳಾಗಿ ಹುಟ್ಟಿದ್ದಕ್ಕೆ ನನಗೆ ಅವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಆದೇಶ ಬುಧವಾರ ಮಧ್ಯಾಹ್ನ ಕೈಗೆ ಬಂತು. ಇನ್ನೂ ದೆಹಲಿಯ ಒಪ್ಪಿಗೆ, ಪಾಸ್‌ಪೋರ್ಟ್, ವೀಸಾ ಬಾಕಿ. ತಿಂಗಳುಗಳೇ ಆಗಬಹುದು ಎಂದು ಅಧಿಕಾರಿ ಮುಚ್ಚುಮರೆಯಿಲ್ಲದೆ ಹೇಳಿದರು. ನನ್ನ ರಜೆ ಮುಗಿದಿತ್ತು, ಎಲ್ಲ ಆಗುವವರೆಗೆ ಕೃತಿಕಾ ಅವ್ವನ ಹತ್ತಿರವೇ. ಗುರುವಾರ ಬೆಳಗ್ಗೆ ದುರ್ಗದ ನಿಲ್ದಾಣದಲ್ಲಿ ಬೆಂಗಳೂರು ಬಸ್ಸು ತುಂಬಿಕೊಂಡು ನಿಂತಿತ್ತು. ಅವ್ವ ಕೆಳಗೆ ನಿಂತಳು. ಕೃತಿಕಾ ನನಗಿಂತ ಮೊದಲು ಹತ್ತಿ, ಜನರ ನಡುವೆ ನುಗ್ಗಿ, ಕಿಟಕಿಯ ಪಕ್ಕ ಚೀಲ ಇಟ್ಟಿದ್ದ ಗಂಡಸಿನ ಮುಂದೆ ಹೋಗಿ ನಿಂತಳು.

"ಅಂಕಲ್, ಚೀಲ ತೆಗೀರಿ. ನಮ್ಮಮ್ಮ ಭಾಳ ದೂರ ಹೋಗ್ಬೇಕು."

ಆತ ಚೀಲ ತೆಗೆದು ಜಾಗ ಬಿಟ್ಟರು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ತಮಾಷೆಗೆ ಕೇಳಿದರು. "ನಿಮ್ಮಮ್ಮಾನಾ? ನಿನ್ನ ಬಿಟ್ಟು ಒಬ್ರೇ ಹೊಂಟವ್ರಲ್ಲಮ್ಮ. ನಿಜವಾಗ್ಲೂ ನಿಮ್ಮಮ್ಮಾನಾ?"

ಕೃತಿಕಾ ಅವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ನಮ್ಮಮ್ಮಾನೇ. ಡಿಸಿ ಮೇಡಂ ಸೈನ್ ಹಾಕವ್ರೆ. ಬೇಕಾದ್ರೆ ಹೋಗಿ ಕೇಳ್ರಿ."